ಅಕ್ವೇರಿಯಂ ಮೀನಿನ ಮೈಮೇಲೆ ಬಿಳಿ ಹತ್ತಿ: ಬೂಷ್ಟೋ, ಬ್ಯಾಕ್ಟೀರಿಯಾವೋ?

ನಿನ್ನೆಯವರೆಗೆ ಲವಲವಿಕೆಯಿಂದ ಈಜಾಡುತ್ತಿದ್ದ ಮೋಲಿ ಮೀನು ಇಂದು ತೊಟ್ಟಿಯ ಮೂಲೆಯಲ್ಲಿ ಸುಮ್ಮನೆ ನಿಂತಿದೆ. ತುಟಿಯ ಸುತ್ತ ಹತ್ತಿಯ ಎಳೆಯಂತಹ ಬಿಳಿ ಪದಾರ್ಥ ಅಂಟಿಕೊಂಡಿದೆ. ಮನೆಯವರು ಅದನ್ನು ‘ಫಂಗಸ್’ ಎಂದು ತೀರ್ಮಾನಿಸಿ, ಅಂಗಡಿಯಿಂದ ನೀಲಿ ಔಷಧ ತಂದು ನಾಲ್ಕು ಹನಿ ಬಿಡುತ್ತಾರೆ. ಬೆಚ್ಚಗಿರಲೆಂದು ಹೀಟರ್‌ನ ಉಷ್ಣತೆಯನ್ನೂ ಏರಿಸುತ್ತಾರೆ. ಮರುದಿನ ಬೆಳಿಗ್ಗೆ ಆ ಮೀನು ಸತ್ತಿರುತ್ತದೆ. ಮೂರನೆಯ ದಿನದ ಹೊತ್ತಿಗೆ ಜೊತೆಯ ಮೀನುಗಳೂ ಒಂದೊಂದಾಗಿ ಸಾಯತೊಡಗುತ್ತವೆ. ಅಲಂಕಾರಿಕ ಮೀನು ಸಾಕುವ ಮನೆಗಳಲ್ಲಿ ಇದು ಅಪರೂಪದ ದೃಶ್ಯವೇನಲ್ಲ.

ಇಲ್ಲಿ ತಪ್ಪಿರುವುದು ರೋಗವನ್ನು ಗುರುತಿಸುವುದರಲ್ಲಿ. ಬಾಯಿಯ ಸುತ್ತ ಹತ್ತಿಯಂತೆ ಕಾಣುವ ಈ ರೋಗವನ್ನು ಮೀನು ಸಾಕುವವರು ‘ಮೌತ್ ಫಂಗಸ್’ ಎಂದು ಕರೆಯುವುದು ವಾಡಿಕೆಯಾದರೂ, ಬಹುಪಾಲು ಪ್ರಕರಣಗಳಲ್ಲಿ ಅದು ಬೂಷ್ಟು ಅಲ್ಲ. ಬ್ಯಾಕ್ಟೀರಿಯಾದಿಂದ ಬರುವ ಕಾಲಮ್ನಾರಿಸ್ ಎಂಬ ರೋಗ. ಈ ಬ್ಯಾಕ್ಟೀರಿಯಾ ಬೆಚ್ಚನೆಯ ನೀರಿನಲ್ಲಿ ಇನ್ನಷ್ಟು ವೇಗವಾಗಿ ಬೆಳೆಯುತ್ತದೆ. ಹೀಟರ್ ಏರಿಸುವುದೆಂದರೆ ರೋಗಕ್ಕೆ ನೆರವಾದಂತೆ. ಆದ್ದರಿಂದ ಔಷಧದ ಬಾಟಲಿ ಕೈಗೆತ್ತಿಕೊಳ್ಳುವ ಮುನ್ನ ಮೀನನ್ನು ಐದು ನಿಮಿಷ ಸೂಕ್ಷ್ಮವಾಗಿ ನೋಡುವುದು, ಆ ಬಳಿಕ ನೀರನ್ನು ಪರೀಕ್ಷಿಸುವುದು ಅತ್ಯಗತ್ಯ.

ರೋಗದ ಮೊದಲ ಸೂಚನೆಗಳು

ಆರೋಗ್ಯವಂತ ಮೀನು ಆಹಾರ ಹಾಕಿದ ಕೂಡಲೇ ಮುನ್ನುಗ್ಗಿ ಬರುತ್ತದೆ. ಅದರ ಈಜುರೆಕ್ಕೆಗಳು ಬಿಚ್ಚಿಕೊಂಡಿರುತ್ತವೆ, ಕಿವಿರಿನ ಮುಚ್ಚಳ ಒಂದೇ ಲಯದಲ್ಲಿ ತೆರೆದು ಮುಚ್ಚುತ್ತಿರುತ್ತದೆ, ಮೈಬಣ್ಣ ಹೊಳಪಾಗಿರುತ್ತದೆ. ಕಾಯಿಲೆ ಬಿದ್ದ ಮೀನು ಮೊದಲು ಆಹಾರದ ಕಡೆಗಿನ ಆಸಕ್ತಿ ಕಳೆದುಕೊಳ್ಳುತ್ತದೆ. ಗುಂಪಿನಿಂದ ಬೇರೆಯಾಗಿ ಮೂಲೆಯಲ್ಲೋ ಗಿಡದ ಮರೆಯಲ್ಲೋ ನಿಲ್ಲುತ್ತದೆ. ಈಜುರೆಕ್ಕೆಗಳನ್ನು ಮೈಗೆ ಒತ್ತಿಕೊಳ್ಳುತ್ತದೆ. ಬಣ್ಣ ಮಾಸುತ್ತದೆ. ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಉಸಿರಾಡುತ್ತಿದ್ದರೆ ಕಿವಿರಿಗೆ ತೊಂದರೆಯಾಗಿದೆ ಅಥವಾ ನೀರಿನಲ್ಲಿ ಆಮ್ಲಜನಕ ಸಾಲದಾಗಿದೆ ಎಂದು ತಿಳಿಯಬೇಕು.

ಒಂದೇ ಮೀನಿಗೆ ಈ ಲಕ್ಷಣಗಳಿದ್ದರೆ ಅದಕ್ಕೆ ಗಾಯ ಅಥವಾ ರೋಗ ತಗುಲಿರುವ ಸಾಧ್ಯತೆ ಹೆಚ್ಚು. ತೊಟ್ಟಿಯ ಎಲ್ಲ ಮೀನುಗಳೂ ಒಂದೇ ವೇಳೆಗೆ ಸಂಕಟಪಡುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ನೀರನ್ನು.

ನೀರು ಕೆಟ್ಟರೆ ರೋಗ ಖಚಿತ

ಮೀನಿಗೆ ರೋಗ ತರುವ ಏರೋಮೊನಾಸ್, ಸ್ಯೂಡೊಮೊನಾಸ್ ಮುಂತಾದ ಬ್ಯಾಕ್ಟೀರಿಯಾಗಳು ಮತ್ತು ಬೂಷ್ಟಿನ ಬೀಜಕಗಳು ಸಿಹಿನೀರಿನ ಬಹುತೇಕ ತೊಟ್ಟಿಗಳಲ್ಲಿ ಸದಾ ಇರುತ್ತವೆ. ಮೀನಿನ ಮೈಮೇಲಿನ ಲೋಳೆಯ ಪದರ ಮತ್ತು ಅದರ ರೋಗನಿರೋಧಕ ಶಕ್ತಿ ಗಟ್ಟಿಯಾಗಿರುವವರೆಗೆ ಅವು ಹಾನಿ ಮಾಡಲಾರವು. ಮೀನು ಬಳಲಿದಾಗ ಅದೇ ಸೂಕ್ಷ್ಮಜೀವಿಗಳು ಮೇಲೇರಿ ಬರುತ್ತವೆ. ಮೀನನ್ನು ಬಳಲಿಸುವ ಕಾರಣಗಳಲ್ಲಿ ಮುಖ್ಯವಾದದ್ದು ಅಮೋನಿಯಾ.

ಮೀನಿನ ವಿಸರ್ಜನೆ ಮತ್ತು ತಿನ್ನದೆ ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಫಿಲ್ಟರ್‌ನ ಸ್ಪಾಂಜ್ ಮತ್ತು ತಳದ ಜಲ್ಲಿಯಲ್ಲಿ ನೆಲೆಸುವ ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ಕಡಿಮೆ ಅಪಾಯಕಾರಿಯಾದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಹತ್ತಾರು ಮೀನು ಬಿಟ್ಟರೆ ಎರಡನೆಯ ವಾರದಲ್ಲಿ ಸಾವು ಆರಂಭವಾಗುವುದಕ್ಕೆ ಇದೇ ಕಾರಣ. ಫಿಲ್ಟರ್ ಇಲ್ಲದ ಗಾಜಿನ ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಬಹುಕಾಲ ಬದುಕದಿರುವುದಕ್ಕೂ ಇದೇ ಕಾರಣ.

ಅಮೋನಿಯಾದ ವಿಷ ನೀರಿನ ಕ್ಷಾರಗುಣವನ್ನು ಅವಲಂಬಿಸಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇರುವ ನೀರಿನಲ್ಲಿ ಒಟ್ಟು ಅಮೋನಿಯಾದ ಶೇ 1ಕ್ಕಿಂತ ಕಡಿಮೆ ಭಾಗ ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಸುಮಾರು ಶೇ 5ಕ್ಕೆ ಏರುತ್ತದೆ. ಕ್ಷಾರಗುಣ ಹೆಚ್ಚಿರುವ ಕೊಳವೆಬಾವಿ ನೀರು ಬಳಸುವವರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ನಲ್ಲಿ ನೀರಿನದು ಬೇರೆ ಸಮಸ್ಯೆ. ಅದರಲ್ಲಿರುವ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಫಿಲ್ಟರ್‌ನ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಅಗಲ ಬಾಯಿಯ ಪಾತ್ರೆಯಲ್ಲಿ ಗಾಳಿ ಪಂಪ್ ಹಾಕಿ ಒಂದು ದಿನ ಇಟ್ಟರೆ ಕ್ಲೋರಿನ್ ಹೋಗುತ್ತದೆ. ತುರ್ತಾಗಿ ಬೇಕಾದರೆ ಅಂಗಡಿಗಳಲ್ಲಿ ದೊರೆಯುವ ಸೋಡಿಯಂ ಥಯೋಸಲ್ಫೇಟ್ ಇರುವ ದ್ರಾವಣವನ್ನು ಬಳಸಬಹುದು.

ನಿಜವಾದ ಬೂಷ್ಟು ಯಾವುದು?

ಸಿಹಿನೀರಿನ ಮೀನುಗಳಲ್ಲಿ ಕಾಣುವ ಹತ್ತಿಯಂತಹ ಬೂಷ್ಟಿಗೆ ಮುಖ್ಯ ಕಾರಣ ಸಾಪ್ರೊಲೆಗ್ನಿಯಾ ಎಂಬ ಜೀವಿ. ಇದನ್ನು ಬಹಳ ಕಾಲ ಶಿಲೀಂಧ್ರ ಎಂದೇ ಪರಿಗಣಿಸಲಾಗಿತ್ತು. ವಿಜ್ಞಾನಿಗಳು ಈಗ ಇದನ್ನು ಊಮೈಸೀಟ್, ಅಂದರೆ ನೀರುಬೂಷ್ಟು ಎಂಬ ಬೇರೆಯೇ ಗುಂಪಿಗೆ ಸೇರಿಸಿದ್ದಾರೆ. ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳನ್ನು ಮಳೆಗಾಲದಲ್ಲಿ ಕಾಡುವ ಕೊಳೆರೋಗದ ಫೈಟಾಫ್ಥೊರಾ ಕೂಡ ಇದೇ ಗುಂಪಿನದು. ತೇವ ಮತ್ತು ತಂಪು ಇವೆರಡಕ್ಕೂ ಪ್ರಿಯ. ತೊಟ್ಟಿಯ ನೀರು ತಣ್ಣಗಾಗುವ ಡಿಸೆಂಬರ್, ಜನವರಿಯಲ್ಲಿ, ಹೀಟರ್ ಇಲ್ಲದ ತೊಟ್ಟಿಗಳಲ್ಲಿ ಈ ಬೂಷ್ಟಿನ ಭಯ ಹೆಚ್ಚು.

ಸಾಪ್ರೊಲೆಗ್ನಿಯಾ ಸಾಮಾನ್ಯವಾಗಿ ಆರೋಗ್ಯವಂತ ಚರ್ಮದ ಮೇಲೆ ಬೆಳೆಯುವುದಿಲ್ಲ. ಬಲೆಯಿಂದ ಹಿಡಿಯುವಾಗ ಆದ ತರಚು ಗಾಯ, ಇತರ ಮೀನು ಕಚ್ಚಿದ ಜಾಗ, ಹುರುಪೆ ಕಿತ್ತುಹೋದ ಸ್ಥಳ ಅಥವಾ ಪರೋಪಜೀವಿ ಕೊರೆದ ತೂತು, ಇಂತಹ ಕಡೆ ಅದು ನೆಲೆಯೂರುತ್ತದೆ. ಫಲವಾಗದ ಸತ್ತ ಮೊಟ್ಟೆಗಳ ಮೇಲೆ ಬೆಳೆದು ಪಕ್ಕದ ಜೀವಂತ ಮೊಟ್ಟೆಗಳಿಗೂ ಹಬ್ಬುತ್ತದೆ. ಆದ್ದರಿಂದ ಬೂಷ್ಟು ಕಂಡಾಗ ಅದರಡಿಯ ಗಾಯಕ್ಕೆ ಕಾರಣ ಏನೆಂದು ಹುಡುಕಬೇಕು. ಜಗಳಗಂಟ ಮೀನನ್ನು ಬೇರ್ಪಡಿಸದೆ, ಚೂಪಾದ ಕಲ್ಲು ತೆಗೆಯದೆ ಔಷಧ ಹಾಕಿದರೆ ಬೂಷ್ಟು ಮರಳಿ ಬರುತ್ತದೆ.

ಬೂಷ್ಟಿನ ವೇಷದ ಬ್ಯಾಕ್ಟೀರಿಯಾ

ಕಾಲಮ್ನಾರಿಸ್ ರೋಗವನ್ನು ಮೊದಲ ಬಾರಿಗೆ ವಿವರಿಸಿದವರು ಅಮೆರಿಕದ ವಿಜ್ಞಾನಿ ಎಚ್. ಎಸ್. ಡೇವಿಸ್. ಮಿಸಿಸಿಪ್ಪಿ ನದಿಯ ಮೀನುಗಳಲ್ಲಿ ಕಂಡ ಈ ರೋಗದ ಬಗ್ಗೆ ಅವರು 1922ರಲ್ಲಿ ಬರೆದರು. ಸೂಕ್ಷ್ಮದರ್ಶಕದಡಿ ಈ ಬ್ಯಾಕ್ಟೀರಿಯಾಗಳು ಒಂದರ ಮೇಲೊಂದು ಒಟ್ಟಿದ ಕಂಬಗಳಂತೆ ಗುಂಪುಗೂಡಿ ಕಾಣುತ್ತಿದ್ದುದರಿಂದ ಕಂಬ ಎಂಬ ಅರ್ಥದ ಲ್ಯಾಟಿನ್ ಪದದಿಂದ ಹೆಸರು ಬಂತು. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಲು ಸಾಧ್ಯವಾದದ್ದು 1944ರಲ್ಲಿ. ಇಂದು ಇದರ ಹೆಸರು ಫ್ಲೇವೊಬ್ಯಾಕ್ಟೀರಿಯಂ ಕಾಲಮ್ನಾರೆ. ಒಂದೇ ಎಂದು ತಿಳಿದಿದ್ದ ಈ ಬ್ಯಾಕ್ಟೀರಿಯಾ ವಾಸ್ತವವಾಗಿ ನಾಲ್ಕು ಪ್ರಭೇದಗಳು ಎಂದು ಸಂಶೋಧಕರು 2022ರಲ್ಲಿ ವಿಂಗಡಿಸಿದರು. ಅವುಗಳಲ್ಲಿ ಒಂದಕ್ಕೆ ಡೇವಿಸ್ ಅವರ ಹೆಸರನ್ನೇ ಇಡಲಾಗಿದೆ.

ಈ ರೋಗ ಬಾಯಿ, ಈಜುರೆಕ್ಕೆ, ಬೆನ್ನು ಮತ್ತು ಕಿವಿರುಗಳಿಗೆ ತಗಲುತ್ತದೆ. ಬೆನ್ನಿನ ಈಜುರೆಕ್ಕೆಯ ಬುಡದಿಂದ ಎರಡೂ ಪಕ್ಕೆಗಳಿಗೆ ಇಳಿಯುವ ಮಾಸಲು ಪಟ್ಟಿ, ಕುದುರೆಗೆ ಜೀನು ಹಾಕಿದಂತೆ ಕಾಣುವುದು ಇದರ ವಿಶಿಷ್ಟ ಗುರುತು. ಗಪ್ಪಿ, ಮೋಲಿ, ಪ್ಲಾಟಿ ಮುಂತಾದ ಮರಿಹಾಕುವ ಮೀನುಗಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಕಿವಿರಿಗೆ ತಗುಲಿದರೆ ಹೊರಗೆ ಯಾವ ಗುರುತೂ ಕಾಣದೆ 24 ಗಂಟೆಗಳೊಳಗೆ ಮೀನು ಸಾಯಬಹುದು. ರಾಜ್ಯದ ಕರಾವಳಿ ಮತ್ತು ಉತ್ತರದ ಜಿಲ್ಲೆಗಳಲ್ಲಿ ಬೇಸಿಗೆಯಲ್ಲಿ ತೊಟ್ಟಿಯ ನೀರು 30 ಡಿಗ್ರಿ ದಾಟುವುದು ಸಾಮಾನ್ಯ. ಈ ಬ್ಯಾಕ್ಟೀರಿಯಾಕ್ಕೆ ಅದು ಹೇಳಿ ಮಾಡಿಸಿದ ವಾತಾವರಣ. ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕವೂ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಇರಬಲ್ಲ ಆಮ್ಲಜನಕ 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಕಿವಿರು ಕೆಟ್ಟ ಮೀನಿಗೆ ಇದು ಎರಡು ಪಟ್ಟು ಹೊರೆ.

ಎರಡನ್ನೂ ಬೇರ್ಪಡಿಸುವುದು ಹೇಗೆ?

ಟಾರ್ಚ್ ಬೆಳಕು ಮತ್ತು ಒಂದು ಭೂತಗನ್ನಡಿ ಇದ್ದರೆ ಮನೆಯಲ್ಲೇ ಸಾಕಷ್ಟು ತಿಳಿಯಬಹುದು. ಗಮನಿಸಬೇಕಾದ ಅಂಶಗಳು ಹೀಗಿವೆ:

* ಎಳೆಗಳು: ಬೂಷ್ಟಿನ ಎಳೆಗಳು ಉದ್ದವಾಗಿ, ಬಿಡಿಬಿಡಿಯಾಗಿ ನೀರಿನಲ್ಲಿ ಅಲೆಯುತ್ತವೆ. ಕಾಲಮ್ನಾರಿಸ್‌ನ ಬಿಳಿ ಪದರ ಗಿಡ್ಡವಾಗಿ, ಮೈಗೆ ಅಂಟಿದಂತೆ ಇರುತ್ತದೆ.

* ಬಣ್ಣ: ಬೂಷ್ಟು ಮೊದಲು ಅಚ್ಚ ಬಿಳಿಯಾಗಿದ್ದು, ಕ್ರಮೇಣ ಕೊಳೆ ಮತ್ತು ಪಾಚಿ ಸಿಕ್ಕಿಕೊಂಡು ಕಂದು ಅಥವಾ ಹಸಿರಾಗುತ್ತದೆ. ಕಾಲಮ್ನಾರಿಸ್ ಮಾಸಲು ಬಿಳಿ ಅಥವಾ ಹಳದಿ ಛಾಯೆಯಲ್ಲಿರುತ್ತದೆ. ಗಾಯದ ಅಂಚು ಕೆಂಪಾಗಿರುವುದುಂಟು.

* ಸ್ಥಳ: ಬೂಷ್ಟು ಗಾಯವಿದ್ದ ಯಾವುದೇ ಜಾಗದಲ್ಲಿ ಗೊಂಚಲಾಗಿ ಬೆಳೆಯುತ್ತದೆ. ಕಾಲಮ್ನಾರಿಸ್ ಬಾಯಿ, ಬೆನ್ನು, ಈಜುರೆಕ್ಕೆಯ ಅಂಚುಗಳಲ್ಲಿ ಹೆಚ್ಚು.

* ವೇಗ: ಬೂಷ್ಟು ದಿನಗಟ್ಟಲೆ ನಿಧಾನವಾಗಿ ಹರಡುತ್ತದೆ. ಕಾಲಮ್ನಾರಿಸ್ ಬೆಳಿಗ್ಗೆ ಕಂಡದ್ದು ಸಂಜೆಗೆ ಇಮ್ಮಡಿಯಾಗಿರಬಹುದು.

* ಹರಡುವಿಕೆ: ಬೂಷ್ಟು ಸಾಮಾನ್ಯವಾಗಿ ಗಾಯಗೊಂಡ ಮೀನಿಗೆ ಸೀಮಿತ. ಎರಡು ಮೂರು ದಿನಗಳಲ್ಲಿ ಹಲವು ಮೀನುಗಳಿಗೆ ಬಂದರೆ ಬ್ಯಾಕ್ಟೀರಿಯಾ ಎಂದೇ ಅನುಮಾನಿಸಬೇಕು.

ಖಚಿತ ಉತ್ತರ ದೊರೆಯುವುದು ಸೂಕ್ಷ್ಮದರ್ಶಕದಿಂದ ಮಾತ್ರ. ಎರಡೂ ಒಟ್ಟಿಗೆ ಬರುವುದೂ ಉಂಟು. ಬ್ಯಾಕ್ಟೀರಿಯಾ ಮಾಡಿದ ಹುಣ್ಣಿನ ಮೇಲೆ ಬೂಷ್ಟು ಬೆಳೆಯಬಹುದು.

ಇವೆರಡೂ ಅಲ್ಲದ ಬಿಳಿ ಗುರುತುಗಳೂ ಇವೆ. ಸಕ್ಕರೆ ಹರಳು ಉದುರಿಸಿದಂತೆ ಮೈತುಂಬ ಬಿಡಿ ಚುಕ್ಕೆಗಳಿದ್ದರೆ ಅದು ‘ಇಕ್’ ಎಂಬ ಪರೋಪಜೀವಿ ರೋಗ. ಹೀಟರ್ ಏರಿಸುವ ಸಲಹೆ ನಿಜವಾಗಿ ಅನ್ವಯಿಸುವುದು ಈ ರೋಗಕ್ಕೆ. ಈಜುರೆಕ್ಕೆಯ ಮೇಲೆ ಹೂಕೋಸಿನಂತಹ ಗಟ್ಟಿ ಗಂಟುಗಳಿದ್ದರೆ ಅದು ವೈರಾಣುವಿನಿಂದ ಬರುವ ಲಿಂಫೊಸಿಸ್ಟಿಸ್ ಆಗಿರಬಹುದು. ಅದಕ್ಕೆ ಔಷಧವಿಲ್ಲ, ಬಹಳಷ್ಟು ಸಲ ತಾನಾಗಿ ಇಳಿಯುತ್ತದೆ. ಗಂಡು ಗೋಲ್ಡ್‌ಫಿಶ್‌ನ ಕಿವಿರು ಮುಚ್ಚಳದ ಮೇಲೆ ಸಾಲಾಗಿ ಮೂಡುವ ಬಿಳಿ ಚುಕ್ಕೆಗಳು ರೋಗವೇ ಅಲ್ಲ, ಸಂತಾನೋತ್ಪತ್ತಿ ಕಾಲದ ಲಕ್ಷಣ.

ಬಾಲ ಕೊಳೆ, ಹುಣ್ಣು ಮತ್ತು ಜಲೋದರ

ಬಾಲ ಮತ್ತು ಈಜುರೆಕ್ಕೆಗಳ ಅಂಚು ಹರಿದ ಬಟ್ಟೆಯಂತಾಗಿ, ತುದಿಯಲ್ಲಿ ಬಿಳಿ ಅಥವಾ ಕೆಂಪು ಗೆರೆ ಕಾಣಿಸಿಕೊಂಡು, ದಿನೇ ದಿನೇ ಸವೆಯುತ್ತ ಹೋದರೆ ಅದು ಬ್ಯಾಕ್ಟೀರಿಯಾದಿಂದಾಗುವ ಕೊಳೆ. ನೀರಿನ ಗುಣಮಟ್ಟ ಕೆಟ್ಟಿರುವುದರ ಸ್ಪಷ್ಟ ಸೂಚನೆ ಇದು. ಬೇರೆ ಮೀನು ಕಚ್ಚಿದ್ದರೆ ಅಂಚು ಸ್ವಚ್ಛವಾಗಿ ತುಂಡಾಗಿರುತ್ತದೆ, ಬಿಳಿ ಗೆರೆ ಇರುವುದಿಲ್ಲ. ಕೊಳೆ ಬುಡವನ್ನು ಮುಟ್ಟದಿದ್ದರೆ, ಶುದ್ಧ ನೀರು ದೊರೆತ ಕೆಲವೇ ವಾರಗಳಲ್ಲಿ ಈಜುರೆಕ್ಕೆ ಮತ್ತೆ ಬೆಳೆಯುತ್ತದೆ. ಬುಡದವರೆಗೆ ತಲುಪಿದರೆ ಸೋಂಕು ದೇಹದೊಳಗೆ ಇಳಿಯುವ ಅಪಾಯವಿದೆ.

ಮೈಮೇಲೆ ಕೆಂಪು ಕಲೆ, ಹುರುಪೆ ಉದುರಿ ಮಾಂಸ ಕಾಣುವ ಹುಣ್ಣು, ಈಜುರೆಕ್ಕೆಯ ಬುಡದಲ್ಲಿ ರಕ್ತದ ಗೆರೆಗಳಿದ್ದರೆ ಏರೋಮೊನಾಸ್ ಗುಂಪಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿರುವ ಸಂಭವವಿದೆ. ಗೋಲ್ಡ್‌ಫಿಶ್ ಮತ್ತು ಕೋಯಿ ಮೀನುಗಳಲ್ಲಿ ಇದು ಹೆಚ್ಚು.

ಜಲೋದರದಲ್ಲಿ ಹೊಟ್ಟೆ ಊದಿಕೊಂಡು, ಹುರುಪೆಗಳು ನಿಮಿರಿ ನಿಲ್ಲುತ್ತವೆ. ಮೇಲಿನಿಂದ ನೋಡಿದರೆ ಮೀನಿನ ಮೈ ಅನಾನಸ್ ಹಣ್ಣಿನ ಸಿಪ್ಪೆಯಂತೆ ಕಾಣುತ್ತದೆ. ಇದು ಪ್ರತ್ಯೇಕ ರೋಗವಲ್ಲ. ಮೂತ್ರಪಿಂಡ ಸೋತು ದೇಹದಲ್ಲಿ ನೀರು ತುಂಬಿರುವುದರ ಲಕ್ಷಣ. ಹುರುಪೆ ನಿಮಿರಿದ ಹಂತ ತಲುಪಿದ ಮೀನು ಬದುಕುಳಿಯುವುದು ಕಡಿಮೆ. ಆದ್ದರಿಂದ ಹೊಟ್ಟೆ ಊದುವ ಮೊದಲ ದಿನವೇ ಬೇರ್ಪಡಿಸುವುದು ಉಳಿದ ಮೀನುಗಳ ದೃಷ್ಟಿಯಿಂದಲೂ ಒಳಿತು.

ಮೊದಲ ದಿನ ಮಾಡಬೇಕಾದದ್ದು

ಔಷಧದ ಹೆಸರು ತಿಳಿಯದಿದ್ದರೂ ಈ ಕೆಲಸಗಳನ್ನು ಎಲ್ಲರೂ ಮಾಡಬಹುದು. ಹಲವು ಬಾರಿ ಇಷ್ಟರಿಂದಲೇ ಮೀನು ಚೇತರಿಸಿಕೊಳ್ಳುತ್ತದೆ.

1. ಅಮೋನಿಯಾ, ನೈಟ್ರೈಟ್ ಮತ್ತು ಪಿಎಚ್ ಪರೀಕ್ಷಿಸಬೇಕು. ಅಕ್ವೇರಿಯಂ ಅಂಗಡಿಗಳಲ್ಲಿ ಇದಕ್ಕೆ ಕಿಟ್‌ಗಳು ದೊರೆಯುತ್ತವೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ಇರಬೇಕು.

2. ತೊಟ್ಟಿಯ ಮೂರನೇ ಒಂದು ಭಾಗದಷ್ಟು ನೀರನ್ನು ತಳದ ಕೊಳೆಯ ಸಮೇತ ತೆಗೆದು, ಕ್ಲೋರಿನ್ ಇಲ್ಲದ, ಅದೇ ಉಷ್ಣತೆಯ ನೀರನ್ನು ತುಂಬಬೇಕು. ಎಲ್ಲ ನೀರನ್ನೂ ಒಮ್ಮೆಲೇ ಬದಲಿಸಿ, ಜಲ್ಲಿಯನ್ನು ತೊಳೆದು ಒಣಗಿಸುವುದು ತಪ್ಪು. ಉಪಕಾರಿ ಬ್ಯಾಕ್ಟೀರಿಯಾಗಳೂ ನಾಶವಾಗುತ್ತವೆ.

3. ಫಿಲ್ಟರ್‌ನ ಸ್ಪಾಂಜ್ ಅನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಬೇಕು, ನಲ್ಲಿಯಡಿ ಅಲ್ಲ.

4. ಗಾಳಿ ಪಂಪ್ ಇಡೀ ದಿನ ಓಡುತ್ತಿರಬೇಕು.

5. ಒಂದು ದಿನ ಆಹಾರ ನಿಲ್ಲಿಸಬೇಕು. ಆರೋಗ್ಯವಂತ ಬೆಳೆದ ಮೀನುಗಳಿಗೆ ಇದರಿಂದ ತೊಂದರೆಯಿಲ್ಲ.

6. ರೋಗ ಬಂದ ಮೀನನ್ನು ಬೇರೆ ತೊಟ್ಟಿಗೆ ಸಾಗಿಸಬೇಕು. 20 ಲೀಟರ್‌ನ ಶುದ್ಧ ಪ್ಲಾಸ್ಟಿಕ್ ಟಬ್, ಒಂದು ಸ್ಪಾಂಜ್ ಫಿಲ್ಟರ್, ಅಡಗಲು ಒಂದು ಮಣ್ಣಿನ ಕುಂಡ, ಇಷ್ಟು ಸಾಕು. ಜಲ್ಲಿ, ಗಿಡಗಳು ಬೇಡ.

7. ಕಾಲಮ್ನಾರಿಸ್ ಅನುಮಾನವಿದ್ದರೆ ಹೀಟರ್ ಏರಿಸದೆ, ನೀರಿನ ಉಷ್ಣತೆಯನ್ನು ನಿಧಾನವಾಗಿ 24 ಡಿಗ್ರಿಯ ಆಸುಪಾಸಿಗೆ ಇಳಿಸುವುದು ಉತ್ತಮ. ನೀರಿಗೆ ನೇರವಾಗಿ ಮಂಜುಗಡ್ಡೆ ಹಾಕಬಾರದು. ಉಷ್ಣತೆಯ ಹಠಾತ್ ಏರಿಳಿತವೇ ಮೀನಿಗೆ ಆಘಾತ.

ಉಪ್ಪು: ಅಗ್ಗದ, ಪರಿಣಾಮಕಾರಿ ಔಷಧ

ಸಿಹಿನೀರಿನ ಮೀನಿನ ದೇಹದಲ್ಲಿ ಸುತ್ತಲಿನ ನೀರಿಗಿಂತ ಹೆಚ್ಚು ಲವಣವಿದೆ. ಹೀಗಾಗಿ ನೀರು ಸದಾ ದೇಹದೊಳಕ್ಕೆ ನುಗ್ಗುತ್ತಿರುತ್ತದೆ, ಲವಣ ಹೊರಕ್ಕೆ ಸೋರುತ್ತಿರುತ್ತದೆ. ಚರ್ಮದಲ್ಲಿ ಹುಣ್ಣಾದಾಗ ಈ ಸೋರಿಕೆ ಹೆಚ್ಚಿ ಮೀನು ಬಳಲುತ್ತದೆ. ನೀರಿಗೆ ಸ್ವಲ್ಪ ಉಪ್ಪು ಬೆರೆಸಿದರೆ ಆ ಹೊರೆ ತಗ್ಗುತ್ತದೆ. ಬೂಷ್ಟಿನ ಬೆಳವಣಿಗೆಗೂ ಕಾಲಮ್ನಾರಿಸ್ ಬ್ಯಾಕ್ಟೀರಿಯಾಕ್ಕೂ ಉಪ್ಪು ಅಡ್ಡಿಯಾಗುತ್ತದೆ. ರೋಗ ಯಾವುದೆಂದು ಖಚಿತವಾಗದ ಮೊದಲ ದಿನಗಳಲ್ಲಿ ಉಪ್ಪನ್ನು ಆರಿಸಿಕೊಳ್ಳಲು ಇದೇ ಕಾರಣ.

ಪ್ರತ್ಯೇಕ ತೊಟ್ಟಿಯಲ್ಲಿ ಲೀಟರ್‌ಗೆ 1ರಿಂದ 3 ಗ್ರಾಂ ಉಪ್ಪನ್ನು ಒಂದು ದಿನದ ಅವಧಿಯಲ್ಲಿ ಕಂತುಕಂತಾಗಿ ಕರಗಿಸಿ ಹಾಕಿ, ಒಂದು ವಾರದವರೆಗೆ ಮುಂದುವರಿಸಬಹುದು. ಅಂದರೆ 20 ಲೀಟರ್ ನೀರಿಗೆ 20ರಿಂದ 60 ಗ್ರಾಂ. ಬೇರೇನೂ ಬೆರೆಸದ ಕಲ್ಲುಪ್ಪು ಸಾಕು. ಉಪ್ಪು ಆವಿಯಾಗುವುದಿಲ್ಲ, ಆವಿಯಾದ ನೀರನ್ನು ತುಂಬುವಾಗ ಮತ್ತೆ ಉಪ್ಪು ಸೇರಿಸಬಾರದು, ನೀರು ಬದಲಿಸಿದಾಗ ಮಾತ್ರ ಆ ಪ್ರಮಾಣಕ್ಕೆ ತಕ್ಕಷ್ಟು ಸೇರಿಸಬೇಕು.

ಗೋಲ್ಡ್‌ಫಿಶ್, ಮೋಲಿಯಂತಹ ಗಟ್ಟಿಮುಟ್ಟಾದ ಮೀನುಗಳನ್ನು ಲೀಟರ್‌ಗೆ 10 ಗ್ರಾಂ ಉಪ್ಪಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಅದ್ದಿಡುವ ಪದ್ಧತಿಯೂ ಇದೆ. ಅಷ್ಟು ಹೊತ್ತೂ ಪಕ್ಕದಲ್ಲೇ ಇರಬೇಕು; ಮೀನು ಓರೆಯಾದರೆ ತಕ್ಷಣ ಸಿಹಿನೀರಿಗೆ ಬಿಡಬೇಕು. ಕೋರಿ ಮುಂತಾದ ಕ್ಯಾಟ್‌ಫಿಶ್‌ಗಳು, ಲೋಚ್‌ಗಳು ಮತ್ತು ನೀರಿನ ಗಿಡಗಳು ಉಪ್ಪನ್ನು ತಾಳಲಾರವು.

ನೀಲಿ, ಹಸಿರು, ನೇರಳೆ ಔಷಧಗಳು

ಅಂಗಡಿಗಳಲ್ಲಿ ಮೊದಲು ಕೈಗೆ ಬರುವುದು ಮೆಥಿಲೀನ್ ಬ್ಲೂ. ಮೊಟ್ಟೆಗಳಿಗೆ ಬೂಷ್ಟು ಹಿಡಿಯದಂತೆ ತಡೆಯಲು ಮತ್ತು ಮೇಲ್ಮೈಯ ಬೂಷ್ಟಿಗೆ ಇದು ಉಪಯುಕ್ತ. ಲೀಟರ್‌ಗೆ 1ರಿಂದ 3 ಮಿಲಿಗ್ರಾಂ ಇದರ ಸಾಮಾನ್ಯ ಪ್ರಮಾಣ. ದ್ರಾವಣದ ಸಾಂದ್ರತೆ ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ ಬಾಟಲಿಯ ಮೇಲಿನ ಸೂಚನೆಯನ್ನೇ ಅನುಸರಿಸಬೇಕು. ಇದು ಫಿಲ್ಟರ್‌ನ ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಮಾರಕ. ಹಾಗಾಗಿ ಮುಖ್ಯ ತೊಟ್ಟಿಗೆ ಹಾಕಬಾರದು. ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಸೋಂಕಿಗೆ ಇದರಿಂದ ಪ್ರಯೋಜನವಿಲ್ಲ.

ಮ್ಯಾಲಕೈಟ್ ಗ್ರೀನ್ ಬೂಷ್ಟಿನ ವಿರುದ್ಧ ಪ್ರಬಲವಾದರೂ ವಿಷಕಾರಿ. ಮನುಷ್ಯರ ಆರೋಗ್ಯಕ್ಕೆ ಅಪಾಯವೆಂಬ ಕಾರಣಕ್ಕೆ ಅಮೆರಿಕ ಮತ್ತು ಐರೋಪ್ಯ ಒಕ್ಕೂಟಗಳಲ್ಲಿ ಆಹಾರದ ಮೀನುಗಳಿಗೆ ಇದರ ಬಳಕೆಗೆ ಅನುಮತಿಯಿಲ್ಲ. ಅಲಂಕಾರಿಕ ಮೀನುಗಳಿಗೆ ಬಳಸುವವರು ಕೈಗವಸು ಧರಿಸಬೇಕು, ಮಕ್ಕಳಿಂದ ದೂರ ಇಡಬೇಕು.

ಪೊಟ್ಯಾಸಿಯಂ ಪರ್ಮಾಂಗನೇಟ್‌ನ ನೇರಳೆ ಹರಳುಗಳನ್ನು ‘ಒಂದು ಚಿಟಿಕೆ’ ಲೆಕ್ಕದಲ್ಲಿ ಹಾಕುವ ಅಭ್ಯಾಸ ಅಪಾಯಕಾರಿ. ಇದರ ಪ್ರಮಾಣ ಲೀಟರ್‌ಗೆ ಕೇವಲ 2 ಮಿಲಿಗ್ರಾಂ. 50 ಲೀಟರ್‌ನ ತೊಟ್ಟಿಗೆ ಒಂದು ಗ್ರಾಂನ ಹತ್ತನೇ ಒಂದು ಭಾಗ. ಕಣ್ಣಳತೆಯಿಂದ ಅದನ್ನು ಅಳೆಯಲು ಸಾಧ್ಯವಿಲ್ಲ. ಹೆಚ್ಚಾದರೆ ಕಿವಿರು ಸುಟ್ಟು ಮೀನು ಸಾಯುತ್ತದೆ.

ಯಾವ ಔಷಧವಾದರೂ ನೀರಿನ ಪ್ರಮಾಣ ತಿಳಿಯದೆ ಹಾಕಬಾರದು. ತೊಟ್ಟಿಯ ಉದ್ದ, ಅಗಲ ಮತ್ತು ನೀರಿನ ಎತ್ತರವನ್ನು ಸೆಂಟಿಮೀಟರ್‌ಗಳಲ್ಲಿ ಗುಣಿಸಿ 1,000ದಿಂದ ಭಾಗಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 30 ಸೆಂ.ಮೀ. ನೀರಿದ್ದರೆ 54 ಲೀಟರ್. ಅದರಲ್ಲಿ ಜಲ್ಲಿ, ಕಲ್ಲುಗಳ ಪಾಲನ್ನು ಕಳೆಯಬೇಕು. ಫಿಲ್ಟರ್‌ನಲ್ಲಿ ಇದ್ದಿಲು ಇದ್ದರೆ ಅದು ಔಷಧವನ್ನು ಹೀರುತ್ತದೆ. ಚಿಕಿತ್ಸೆ ಮುಗಿಯುವವರೆಗೆ ತೆಗೆದಿಡಬೇಕು. ಎರಡು ಔಷಧಗಳನ್ನು ಬೆರೆಸಬಾರದು.

ಆಂಟಿಬಯೋಟಿಕ್: ತೊಟ್ಟಿಗೆ ಸುರಿಯುವ ಮುನ್ನ

ಮನುಷ್ಯರಿಗಾಗಿ ತಯಾರಾದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನು ಬಿಚ್ಚಿ ತೊಟ್ಟಿಗೆ ಸುರಿಯುವುದು ಹಳೆಯ ರೂಢಿ. ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೀನಿನ ದೇಹಕ್ಕೆ ಸೇರುವ ಅಂಶ ತೀರ ಕಡಿಮೆ. ರಾಜ್ಯದ ಹಲವು ಕಡೆ ಕೊಳವೆಬಾವಿ ನೀರು ಗಡಸು ಎಂಬುದನ್ನು ಇಲ್ಲಿ ನೆನೆಯಬೇಕು. ಬೆಳಕಿಗೆ ಈ ಔಷಧ ಬೇಗ ಕೆಡುತ್ತದೆ, ನೀರು ಕಂದುಬಣ್ಣಕ್ಕೆ ತಿರುಗುತ್ತದೆ. ಅಷ್ಟರಲ್ಲಿ ಫಿಲ್ಟರ್‌ನ ಉಪಕಾರಿ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಬಿದ್ದು ಅಮೋನಿಯಾ ಏರಿದರೆ, ರೋಗದಿಂದ ಉಳಿದ ಮೀನು ನೀರಿನಿಂದ ಸಾಯುತ್ತದೆ.

ಕಾಲಮ್ನಾರಿಸ್, ರಕ್ತಸೋಂಕು ಮುಂತಾದ ಗಂಭೀರ ರೋಗಗಳಿಗೆ ಆಂಟಿಬಯೋಟಿಕ್ ಬೇಕಾಗುವುದು ನಿಜ. ಮೀನು ಇನ್ನೂ ತಿನ್ನುತ್ತಿದ್ದರೆ ಆಹಾರದಲ್ಲಿ ಬೆರೆಸಿ ಕೊಡುವುದು ಹೆಚ್ಚು ಫಲಕಾರಿ. ತಿನ್ನುವುದನ್ನು ನಿಲ್ಲಿಸಿದ ಮೇಲೆ ಈ ದಾರಿ ಮುಚ್ಚುತ್ತದೆ. ಬೇಗ ಗುರುತಿಸಬೇಕೆಂದು ಹೇಳುವುದು ಇದಕ್ಕಾಗಿಯೇ. ಯಾವ ಔಷಧ, ಎಷ್ಟು ದಿನ ಎಂಬುದನ್ನು ಪಶುವೈದ್ಯರು ಅಥವಾ ಮೀನು ರೋಗ ತಜ್ಞರೇ ನಿರ್ಧರಿಸಬೇಕು. ಶೆಡ್ಯೂಲ್ ‘ಎಚ್’ ಪಟ್ಟಿಯಲ್ಲಿರುವ ಆಂಟಿಬಯೋಟಿಕ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ.

ಇದರ ಹಿಂದೆ ಇನ್ನೊಂದು ಗಂಭೀರ ವಿಷಯವಿದೆ. ಅರ್ಧ ಪ್ರಮಾಣದಲ್ಲಿ, ಅರ್ಧ ದಿನಗಳವರೆಗೆ ಕೊಟ್ಟ ಔಷಧ ಬಲಹೀನ ಬ್ಯಾಕ್ಟೀರಿಯಾಗಳನ್ನು ಮಾತ್ರ ಕೊಂದು, ಔಷಧಕ್ಕೆ ಬಗ್ಗದವುಗಳನ್ನು ಉಳಿಸುತ್ತದೆ. ಆ ನೀರು ಚರಂಡಿಯ ಮೂಲಕ ಕೆರೆ, ನದಿಗಳನ್ನು ಸೇರುತ್ತದೆ. ಏರೋಮೊನಾಸ್‌ನಂತಹ ಬ್ಯಾಕ್ಟೀರಿಯಾಗಳು ಮನುಷ್ಯರಿಗೂ ಸೋಂಕು ತರಬಲ್ಲವು, ಔಷಧಕ್ಕೆ ಬಗ್ಗದ ಗುಣವನ್ನು ಇತರ ಬ್ಯಾಕ್ಟೀರಿಯಾಗಳಿಗೆ ದಾಟಿಸಬಲ್ಲವು.

ಸಾಕುವವರ ಕೈಗೂ ಸೋಂಕು

ತೊಟ್ಟಿಯಿಂದ ಮನುಷ್ಯರಿಗೆ ದಾಟುವ ಸೋಂಕುಗಳಲ್ಲಿ ಮುಖ್ಯವಾದದ್ದು ಮೈಕೊಬ್ಯಾಕ್ಟೀರಿಯಂ ಮರೈನಂ. ಇದು ಕ್ಷಯರೋಗದ ಬ್ಯಾಕ್ಟೀರಿಯಾದ ಬಂಧು. ಅಮೆರಿಕದ ಫಿಲಡೆಲ್ಫಿಯಾದ ಅಕ್ವೇರಿಯಂನಲ್ಲಿ ಸತ್ತ ಮೀನುಗಳಿಂದ ಇದನ್ನು 1926ರಲ್ಲಿ ಗುರುತಿಸಲಾಯಿತು. ಮನುಷ್ಯರಿಗೂ ರೋಗ ತರುತ್ತದೆ ಎಂಬುದು 1951ರಲ್ಲಿ ಸ್ವೀಡನ್‌ನಲ್ಲಿ ಗೊತ್ತಾಯಿತು. ಈ ಸೋಂಕು ತಗುಲಿದ ಮೀನು ವಾರಗಟ್ಟಲೆ ಸೊರಗುತ್ತದೆ, ಬೆನ್ನು ಬಾಗುತ್ತದೆ, ತಿಂದರೂ ಹೊಟ್ಟೆ ಒಳಸರಿಯುತ್ತದೆ, ವಾಸಿಯಾಗದ ಹುಣ್ಣುಗಳೇಳುತ್ತವೆ.

ಕೈಯಲ್ಲಿ ಗಾಯವಿದ್ದಾಗ ತೊಟ್ಟಿಯೊಳಗೆ ಕೈ ಹಾಕಿದರೆ, ಎರಡು ಮೂರು ವಾರಗಳ ಬಳಿಕ ಬೆರಳು ಅಥವಾ ಮುಂಗೈಯಲ್ಲಿ ಕೆಂಪು ಗಂಟು ಕಾಣಿಸಿಕೊಂಡು ನಿಧಾನವಾಗಿ ಹುಣ್ಣಾಗಬಹುದು. ಈ ಬ್ಯಾಕ್ಟೀರಿಯಾಕ್ಕೆ 30 ಡಿಗ್ರಿ ಆಸುಪಾಸಿನ ಉಷ್ಣತೆ ಪ್ರಿಯವಾದ್ದರಿಂದ ದೇಹದ ತಂಪಾದ ಭಾಗಗಳಾದ ಕೈಕಾಲುಗಳ ಚರ್ಮದಲ್ಲೇ ಹೆಚ್ಚಾಗಿ ಉಳಿಯುತ್ತದೆ. ಇದು ಒಬ್ಬರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಚಿಕಿತ್ಸೆ ಮಾತ್ರ ತಿಂಗಳುಗಟ್ಟಲೆ ಬೇಕು. ವಾಸಿಯಾಗದ ಗಂಟು ಇದ್ದರೆ ವೈದ್ಯರಿಗೆ ‘ಮನೆಯಲ್ಲಿ ಅಕ್ವೇರಿಯಂ ಇದೆ’ ಎಂದು ತಪ್ಪದೆ ಹೇಳಬೇಕು; ಆ ಮಾತು ತಿಳಿಯದೆ ರೋಗಪತ್ತೆ ತಡವಾಗುವುದೇ ಹೆಚ್ಚು. ಗಾಯವಿದ್ದಾಗ ಕೈಗವಸು ಧರಿಸುವುದು, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ನೀರು ತೆಗೆಯುವ ಪೈಪನ್ನು ಬಾಯಿಂದ ಎಳೆಯದಿರುವುದು, ತೊಟ್ಟಿಯ ನೀರನ್ನು ಅಡುಗೆಮನೆಯ ಸಿಂಕ್‌ಗೆ ಸುರಿಯದಿರುವುದು, ಇವಿಷ್ಟು ಎಚ್ಚರಿಕೆ ಸಾಕು.

ಹೊಸ ಮೀನಿಗೆ ಪ್ರತ್ಯೇಕ ವಾಸ

ಅಲಂಕಾರಿಕ ಮೀನುಗಳ ದೊಡ್ಡ ಮಾರುಕಟ್ಟೆಯಾದ ಚೆನ್ನೈನ ಕೊಳತ್ತೂರಿನಂತಹ ಕಡೆಗಳಿಂದ ಮೀನುಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ರಾತ್ರಿಯಿಡೀ ಪ್ರಯಾಣಿಸಿ ಅಂಗಡಿ ಸೇರುತ್ತವೆ. ದಣಿವು, ಇಕ್ಕಟ್ಟು, ಚೀಲದಲ್ಲಿ ಏರುವ ಅಮೋನಿಯಾ ಇವುಗಳಿಂದ ಬಳಲಿದ ಮೀನಿನಲ್ಲಿ ರೋಗ ಹೊರಬೀಳಲು ಕೆಲವು ದಿನ ಹಿಡಿಯುತ್ತದೆ. ಅಂಗಡಿಯಲ್ಲಿ ಚೆನ್ನಾಗಿ ಕಂಡ ಮೀನು ಮನೆಗೆ ಬಂದ ನಾಲ್ಕನೆಯ ದಿನ ಕಾಯಿಲೆ ಬೀಳುವುದು ಹೀಗೆ.

ಹೊಸ ಮೀನನ್ನು ಕನಿಷ್ಠ ಎರಡು ವಾರ, ಸಾಧ್ಯವಾದರೆ ನಾಲ್ಕು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಗಮನಿಸಬೇಕು. ಚೀಲದ ನೀರನ್ನು ಮನೆಯ ತೊಟ್ಟಿಗೆ ಸುರಿಯಬಾರದು. ಬಲೆ, ಪೈಪುಗಳು ಪ್ರತಿ ತೊಟ್ಟಿಗೂ ಬೇರೆ ಇರಬೇಕು, ಬಳಸಿದ ಮೇಲೆ ಬಿಸಿಲಿನಲ್ಲಿ ಒಣಗಿಸಬೇಕು. ಅಂಗಡಿಯ ತೊಟ್ಟಿಯಲ್ಲಿ ಒಂದು ಮೀನು ಸತ್ತು ತೇಲುತ್ತಿದ್ದರೂ ಅದೇ ತೊಟ್ಟಿಯ ಉಳಿದ ಮೀನುಗಳನ್ನು ಕೊಳ್ಳದಿರುವುದು ಜಾಣತನ.

ನೆರವು ಎಲ್ಲಿ?

ಮೀನುಗಳ ರೋಗಪತ್ತೆಗೆ ರಾಜ್ಯದಲ್ಲಿ ತಜ್ಞ ಸಂಸ್ಥೆಗಳಿವೆ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ದೇಶದ ಮೊದಲ ಮೀನುಗಾರಿಕಾ ಕಾಲೇಜು. ಈಗ ಅದು ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಇದೇ ವಿಶ್ವವಿದ್ಯಾಲಯದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಬೆಂಗಳೂರಿನ ಹೆಬ್ಬಾಳದಲ್ಲಿದೆ. ಜಿಲ್ಲೆಗಳಲ್ಲಿ ಮೀನುಗಾರಿಕೆ ಇಲಾಖೆಯ ಕಚೇರಿಗಳನ್ನು ವಿಚಾರಿಸಬಹುದು. ಮೀನು ಕೃಷಿಕರು ರೋಗದ ಮಾಹಿತಿಯನ್ನು ಮೊಬೈಲ್‌ನಲ್ಲೇ ತಜ್ಞರಿಗೆ ತಲುಪಿಸಲೆಂದು ಕೇಂದ್ರ ಸರ್ಕಾರ 2023ರಲ್ಲಿ ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಆ್ಯಪ್ ಬಿಡುಗಡೆ ಮಾಡಿದೆ.

ಪರೀಕ್ಷೆಗೆ ಕೊಂಡೊಯ್ಯುವುದಾದರೆ ರೋಗಲಕ್ಷಣವಿರುವ ಜೀವಂತ ಮೀನೇ ಉತ್ತಮ. ಸತ್ತು ಗಂಟೆಗಟ್ಟಲೆ ನೀರಿನಲ್ಲಿ ಉಳಿದ ಮೀನಿನ ಮೇಲೆ ಎಲ್ಲ ಬಗೆಯ ಸೂಕ್ಷ್ಮಜೀವಿಗಳೂ ಬೆಳೆದು ನಿಜವಾದ ಕಾರಣ ಮರೆಯಾಗುತ್ತದೆ. ಆಗತಾನೆ ಸತ್ತಿದ್ದರೆ ಚೀಲದಲ್ಲಿ ಸುತ್ತಿ ಮಂಜುಗಡ್ಡೆಯ ನಡುವೆ ಇಡಬೇಕು, ಫ್ರೀಜರ್‌ನಲ್ಲಿ ಗಟ್ಟಿಯಾಗಿಸಬಾರದು. ತೊಟ್ಟಿಯ ಒಂದು ಬಾಟಲಿ ನೀರನ್ನೂ ಜೊತೆಗೆ ಒಯ್ಯಬೇಕು. ಸತ್ತ ಮೀನನ್ನಾಗಲಿ, ಸಾಕಲಾಗದ ಮೀನನ್ನಾಗಲಿ ಊರಿನ ಕೆರೆಗೆ ಬಿಡುವುದು ಸರಿಯಲ್ಲ. ತೊಟ್ಟಿಯ ರೋಗ ಕೆರೆಯ ಮೀನುಗಳಿಗೆ ತಗುಲುತ್ತದೆ.

ಒಂದು ಸಣ್ಣ ನೋಟ್‌ಬುಕ್‌ನಲ್ಲಿ ನೀರು ಬದಲಿಸಿದ ದಿನ, ಹೊಸ ಮೀನು ತಂದ ದಿನ, ನೀರಿನ ಉಷ್ಣತೆ ಮತ್ತು ಮೊದಲು ಕಂಡ ಲಕ್ಷಣವನ್ನು ಬರೆದಿಡುವುದು ಒಳ್ಳೆಯ ಅಭ್ಯಾಸ. ಮೀನಿಗೆ ತನ್ನ ಸಂಕಟ ಹೇಳಿಕೊಳ್ಳಲು ಬಾಯಿಲ್ಲ. ತಜ್ಞರ ಎದುರು ಅದರ ಪರವಾಗಿ ಮಾತನಾಡುವುದು ಆ ನಾಲ್ಕು ಸಾಲುಗಳೇ.